ಹೆಸರಿಲ್ಲದ ತಾಟು

ಬೇಡಕಿಹಾಳ
೨ ಡಿಸೆಂಬರ್ ೨೦೨೪

ಚಿ. ಪ್ರಾಜಕ್ತಾಳಿಗೆ ಮಾಮಾನ ಆಶೀರ್ವಾದ.

ನವೆಂಬರ್ ಹದಿನೇಳರ ರವಿವಾರ ಮುಂಜಾನೆ ನೀನು ನನಗೆ ಮಾಡಿದ ಅನ್ಯಾಯವನ್ನು ಮೊದಲು ಬರೆದುಬಿಡುತ್ತೇನೆ. ಯೋಗಕ್ಷೇಮ ಆಮೇಲೆ.

ಆ ದಿನ ನೀನು, ನನ್ನ ಒಡಹುಟ್ಟಿದ ತಂಗಿಯ ಮಗಳು, ನನ್ನ ಗಾಣದಿಂದ ಒಂದು ಪೆಂಟಿ ಬೆಲ್ಲ ಒಯ್ದೆ. "ಮಾಮಾ, ಕಾಲೇಜಿನ ಅಭ್ಯಾಸಕ್ಕ ಬೇಕಾಗೇತಿ" ಅಂದೆ. ಮನಶ್ಶಾಸ್ತ್ರ ಓದುವ ಹುಡುಗಿಗೆ ಬೆಲ್ಲ ಯಾತಕ್ಕೆ ಎಂದು ನಾನು ಕೇಳಲಿಲ್ಲ. ಆ ವಾರದ ಪಾಕದಲ್ಲಿ ಅಚ್ಚಿನೊಳಗೆ ಎಲ್ಲಕ್ಕಿಂತ ಚೆನ್ನಾಗಿ ಗಟ್ಟಿಯಾಗಿ ಕೂತಿದ್ದ ಪೆಂಟಿಯನ್ನೇ ಆರಿಸಿ, ಹಳೆಯ ಪಂಚೆಯಲ್ಲಿ ಕಟ್ಟಿ ಕೊಟ್ಟೆ. ಅದನ್ನು ನೀನು ನಮ್ಮೂರ ವಾಚನಾಲಯದ ಕಟ್ಟೆಯ ಮೇಲೆ, ನನ್ನ ಹೆಸರು ಬರೆದ ತಾಟಿನಲ್ಲಿ ಇಟ್ಟೆ. ಆ ವಾಚನಾಲಯ ಊರಿಗೆ ಬರಲೆಂದು ನಾನು ಎಷ್ಟು ಅರ್ಜಿ ಬರೆದಿದ್ದೇನೆ ಎಂಬುದು ನಿನಗೆ ಗೊತ್ತು. ಪಕ್ಕದಲ್ಲಿ ಇನ್ನೊಂದು ತಾಟು ಇಟ್ಟು, ಅದರ ಮೇಲೆ ಕಬ್ಬೂರಿನ ಭೂಪಾಲನ ಹೆಸರು ಬರೆದೆ. ಆಮೇಲೆ ನಮ್ಮೂರವರನ್ನೇ ಕರೆದು, ಎರಡನ್ನೂ ತಿನ್ನಿಸಿ, ಹತ್ತಕ್ಕೆ ಇಷ್ಟು ಎಂದು ಮಾರ್ಕು ಹಾಕಿಸಿದೆ.

ನನಗೆ ಇದು ಗೊತ್ತಾದದ್ದು ಎಲ್ಲಿ? ರಾವಸಾಹೇಬನ ಚಹಾದಂಗಡಿಯಲ್ಲಿ.

"ಏನ್ರಿ ಆಬಾಸಾಹೇಬ್ರ, ಕಬ್ಬೂರ ಬೆಲ್ಲ ಗೆದ್ದತಲ್ರೀ!" ಅಂದ.

"ಎಲ್ಲಿ ಗೆದ್ದತೋ?"

"ನಿಮ್ಮ ವಾಚನಾಲಯದಾಗ್ರಿ. ನಾನೂ ಮಾರ್ಕ್ ಹಾಕೀನಿ. ನಿಮಗ ಆರು, ಭೂಪಾಲಣ್ಣಗ ಎಂಟು. ಸಿಟ್ಟಿಗೇಳಬ್ಯಾಡ್ರಿ ಮತ್ತ. ನಾಲಿಗಿಗೆ ಸುಳ್ಳ ಹೇಳಾಕ ಬರಂಗಿಲ್ಲ."

ಬೆಂಚಿನ ಮೇಲೆ ಕೂತಿದ್ದವರೆಲ್ಲ ಚಹಾದ ಕಪ್ಪಿನೊಳಗೇ ನಕ್ಕರು. ಹೋದ ವಾರ ಲಖನನ ಮನೆಯ ಮದುವೆಯ ಹೋಳಿಗೆಗೆ ಬೆಲ್ಲ ಕಬ್ಬೂರಿನಿಂದ ಬಂತು. ನಮ್ಮ ಗಾಣ ಲಖನನ ಹಿತ್ತಲಿಗೆ ಹತ್ತಿದೆ. ನನ್ನ ಕೊಪ್ಪರಿಗೆಯ ಹೊಗೆ ಅವನ ಮನೆಯ ಚಪ್ಪರದೊಳಗೆ ಹೋಯಿತು, ಬೆಲ್ಲ ಹೋಗಲಿಲ್ಲ.

ಭೂಪಾಲ ಯಾರು ಎಂಬುದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಅವನೂ ನಾನೂ ಕಬ್ಬೂರಿನ ಬೀರದೇವ ಎಂಬ ಒಬ್ಬನೇ ಗುರುವಿನ ಗಾಣದಲ್ಲಿ ಪಾಕದ ಹದ ಕಲಿತವರು. ಸೀಮೆಯಲ್ಲಿ ಇನ್ನೂ ಎಷ್ಟೋ ಗಾಣದವರ ಹೆಸರು ಇರುವಾಗ ನಿನಗೆ ಅವನ ಹೆಸರೇ ಯಾಕೆ ಬೇಕಾಯಿತು?

ಫೋನು ಮಾಡಬೇಡ. ಫೋನಿನಲ್ಲಿ ನೀನು ಉತ್ತರ ಹೊಳೆಯದಾಗ "ಹಲೋ, ಹಲೋ, ಕೇಳಸವಲ್ದು" ಅನ್ನುತ್ತೀ. ಬರೆದು ಉತ್ತರ ಕೊಡು.

ನಿನ್ನ ಮಾಮಾ,
ಆಬಾಸಾಹೇಬ


ಚಿಕ್ಕೋಡಿ
೯ ಡಿಸೆಂಬರ್ ೨೦೨೪

ತೀರ್ಥರೂಪ ಮಾಮಾ ಅವರಿಗೆ ಪ್ರಾಜಕ್ತಾ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತುಕೊಂಡೇ ಓದಿದೆ. ಸುತ್ತಿ ಬಳಸಿ ಬರೆದರೆ ನಿಮಗೆ ಸಿಟ್ಟು ಬರುತ್ತದೆ. ಅದಕ್ಕೆ ನೇರವಾಗಿ ಬರೆಯುತ್ತೇನೆ.

ಮಾಮಾ, ಆ ದಿನ ಅಲ್ಲಿ ಭೂಪಾಲ ಕಾಕಾ ಅವರ ಬೆಲ್ಲ ಇರಲೇ ಇಲ್ಲ. ಎರಡೂ ತಾಟಿನಲ್ಲಿ ಇದ್ದದ್ದು ನಿಮ್ಮದೇ ಬೆಲ್ಲ. ನೀವು ಕೊಟ್ಟ ಒಂದೇ ಪೆಂಟಿಯನ್ನು ಒಡೆದು ಎರಡು ಪಾಲು ಮಾಡಿದ್ದೆ.

ನನ್ನ ಪ್ರಯೋಗ ಇದ್ದದ್ದು ಬೆಲ್ಲದ ಮೇಲಲ್ಲ, ಹೆಸರಿನ ಮೇಲೆ. ಹೆಸರು ಕೇಳಿದ ಮೇಲೆ ನಾಲಗೆಯ ರುಚಿ ಬದಲಾಗುತ್ತದೆಯೇ ಎಂದು ನೋಡಬೇಕಾಗಿತ್ತು. ಅದಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು, ಉಳಿದದ್ದೆಲ್ಲ ಒಂದೇ ಆಗಿರಬೇಕು. ಬೆಲ್ಲ ಒಂದೇ, ಬಣ್ಣ ಒಂದೇ, ತುಣುಕಿನ ಅಳತೆ ಒಂದೇ. ನಾನು ಬದಲಾಯಿಸಿದ್ದು ಹೆಸರು, ನಮ್ಮ ಪಾಠದಲ್ಲಿ ಅದಕ್ಕೆ ಸ್ವತಂತ್ರ ಚರ ಅನ್ನುತ್ತಾರೆ. ಅಳೆದದ್ದು ಮಾರ್ಕು, ಅದು ಅವಲಂಬಿತ ಚರ. ಇಷ್ಟೇ ಇದ್ದದ್ದು.

ಎಲ್ಲರಿಗೂ ಗೊತ್ತಿರುವ ಎರಡು ಹೆಸರು ನನಗೆ ಬೇಕಾಗಿದ್ದವು. ನಮ್ಮೂರವರು ನಮ್ಮೂರ ಹೆಸರಿಗೇ ಹೆಚ್ಚು ಮಾರ್ಕು ಕೊಡುತ್ತಾರೆ ಎಂಬುದು ನನ್ನ ಊಹೆಯಾಗಿತ್ತು. ಅದನ್ನು ಮೊದಲೇ ಬರೆದು ನಮ್ಮ ಮೇಡಮ್ಮರಿಗೆ ಒಪ್ಪಿಸಿದ್ದೆ. ನಿಮ್ಮ ಹೆಸರಿಗೆ ಹೆಚ್ಚು ಬರುವುದನ್ನು ನೋಡಿ ನಿಮಗೇ ಮೊದಲು ಬಂದು ಹೇಳಬೇಕು ಅಂದುಕೊಂಡಿದ್ದೆ. ಊಹೆ ತಲೆಕೆಳಗಾಯಿತು: ಎಲ್ಲರ ಮಾರ್ಕಿನ ಸರಾಸರಿ ನಿಮಗೆ ಆರು, ಅವರಿಗೆ ಎಂಟು. ನಿಮ್ಮ ಮುಖ ನೋಡುವ ಧೈರ್ಯ ಆಗಲಿಲ್ಲ, ಆ ಸಂಜೆ ಹೊಟ್ಟೆನೋವು ಅಂತ ಮಾಮಿಗೆ ಸುಳ್ಳು ಹೇಳಿ ಚಿಕ್ಕೋಡಿ ಬಸ್ಸು ಹತ್ತಿದೆ.

ತಿಂದವರಿಗೆ ಕಡೆಗೆ ನಿಜ ಹೇಳಬೇಕೆಂಬುದು ನಿಯಮ. ಕೆಳಗಿನ ಓಣಿಯವರು ಇನ್ನೂ ಬಾಕಿ ಇದ್ದರು. ಮೊದಲೇ ಹೇಳಿದರೆ ಮಾತು ಹರಡಿ ಪ್ರಯೋಗ ಕೆಡುತ್ತದೆಂದು ತಡ ಮಾಡಿದೆ. ನಿಜವನ್ನು ನಾನು ತಡೆದು ಹಿಡಿದೆ. ಸುಳ್ಳು ತಾನೇ ಹೊರಟು ರಾವಸಾಹೇಬ ಕಾಕಾನ ಅಂಗಡಿಗೆ ಮುಟ್ಟಿತು. ಲಖನ ಕಾಕಾನ ಮನೆಯ ಮದುವೆಯ ಸುದ್ದಿ ನನಗೆ ಗೊತ್ತಿರಲಿಲ್ಲ.

ಚನ್ನವ್ವ ಮಾಮಿಗೆ ನಮಸ್ಕಾರ ತಿಳಿಸಿ.

ನಿಮ್ಮ,
ಪ್ರಾಜಕ್ತಾ


ಬೇಡಕಿಹಾಳ
೧೬ ಡಿಸೆಂಬರ್ ೨೦೨೪

ಚಿ. ಪ್ರಾಜಕ್ತಾಳಿಗೆ ಆಶೀರ್ವಾದ.

ನಿನ್ನ ಪತ್ರ ಓದುವ ಮೊದಲು ನನಗೆ ಭೂಪಾಲನ ಮೇಲೆ ಹೊಟ್ಟೆಕಿಚ್ಚು ಇತ್ತು. ಅದು ಹಳೆಯದು, ಅದರ ಜೊತೆ ಬಾಳುವುದು ರೂಢಿಯಾಗಿತ್ತು. ಈಗ ನೀನು ನನಗೆ ನನ್ನ ಬೆಲ್ಲದ ಮೇಲೆಯೇ ಹೊಟ್ಟೆಕಿಚ್ಚು ಹಚ್ಚಿದ್ದೀ. ಭೂಪಾಲನ ಹೆಸರು ಇಟ್ಟುಕೊಂಡು ಎಂಟು ಮಾರ್ಕು ತಂದ ಆ ಬೆಲ್ಲ ನನ್ನದು. ಅದನ್ನು ಹೊಗಳಿದರು ಎಂದು ಹಿಗ್ಗಬೇಕೋ, ಅವನಿಗೆ ಹೋಯಿತು ಎಂದು ಕುದಿಯಬೇಕೋ? ನಿನ್ನ ಮಾಮಿಗೆ ಪತ್ರ ಓದಿ ಹೇಳಿದೆ. ಅಡಿಗೆ ಮನೆಯಿಂದ ಹೊರಗೂ ಬರದೆ ಅಂದಳು: "ನಿಮ್ಮ ಬೆಲ್ಲಕ್ಕ ನಿಮ್ಮ ಬೆಲ್ಲಾನ ಸವತಿ ಆತಲ್ರಿ."

ನಾಲ್ಕು ದಿನ ಇದನ್ನೇ ಯೋಚಿಸಿದ್ದೇನೆ. ನಿನ್ನ ಪ್ರಯೋಗದಲ್ಲಿ ತೂತು ಇರಲೇಬೇಕು. ಒಂದೊಂದಾಗಿ ಕೇಳುತ್ತೇನೆ.

ಮೊದಲು ತಿನ್ನಿಸಿದ್ದು ಯಾವ ತಾಟಿನದು? ಹಸಿದ ನಾಲಗೆಗೆ ಮೊದಲನೆಯದು ಹೆಚ್ಚು ಸಿಹಿ. ಎರಡನೆಯದು ಬರುವ ಹೊತ್ತಿಗೆ ಬಾಯಿ ತುಂಬಿರುತ್ತದೆ. ಭೂಪಾಲನ ತಾಟು ಮೊದಲು ಬಂದಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು.

ತಾಟು ಹಿಡಿದವರು ಯಾರು? ನೀನೇ ಹಿಡಿದಿದ್ದರೆ, ನನ್ನ ಸೋದರ ಸೊಸೆ ಎಂದು ಗೊತ್ತಿರುವವರು ನಿನ್ನ ಮುಖ ನೋಡಿಯೇ ಮಾರ್ಕು ಹಾಕಿರುತ್ತಾರೆ. ಕೆಲವರು ಮುಲಾಜಿಗೆ ಹೆಚ್ಚು, ಕೆಲವರು ಮೋಜಿಗೆ ಕಡಿಮೆ. ರಾವಸಾಹೇಬ ಮೋಜಿನ ಮನುಷ್ಯ.

ಇನ್ನೊಂದು. ಎರಡು ತಾಟು ಎದುರಿಗಿಟ್ಟು ಯಾವುದು ಹೇಗಿದೆ ಎಂದು ಕೇಳಿದರೆ, ಏನಾದರೂ ಫರಕು ಇರಲೇಬೇಕು, ಇಲ್ಲದಿದ್ದರೆ ಓದಿದ ಹುಡುಗಿ ಇಷ್ಟು ದೂರ ಬಂದು ಕೇಳುತ್ತಿದ್ದಳೇ ಎಂದು ಮನುಷ್ಯ ಫರಕು ಹುಡುಕುತ್ತಾನೆ. ಸಿಗದಿದ್ದರೆ ಹುಟ್ಟಿಸುತ್ತಾನೆ.

ನನಗೆ ಈ ಅನುಮಾನ ಇಂದಿನದಲ್ಲ. ೧೯೯೮ರ ಜನವರಿಯಲ್ಲಿ ಚಿಕ್ಕೋಡಿಯಲ್ಲಿ ಒಂದು ಕೃಷಿ ಪ್ರದರ್ಶನ ನಡೆಯಿತು. ನಾನೂ ಭೂಪಾಲನೂ ಒಂದೇ ಟ್ರ್ಯಾಕ್ಟರಿನಲ್ಲಿ ನಮ್ಮ ನಮ್ಮ ಪೆಂಟಿ ಹೇರಿಕೊಂಡು, ಹಾಡು ಹೇಳುತ್ತ ಹೋಗಿದ್ದೆವು. ಪರೀಕ್ಷಕರು ಬಂದರು. ಹಿರಿಯ ಪರೀಕ್ಷಕ ಭೂಪಾಲನ ಪೆಂಟಿಯ ಕೆಳಗಿದ್ದ ಚೀಟಿಯನ್ನು ತಿರುಗಿಸಿ ಓದಿದ. "ಓಹೋ, ಬೀರದೇವನ ಊರಾಂವ" ಎಂದು ನಕ್ಕ. ಆಮೇಲೆ ತುಣುಕು ಬಾಯಿಗೆ ಹಾಕಿದ. ಹೆಸರು ಮೊದಲು ಬಾಯಿಗೆ ಹೋಯಿತು, ಬೆಲ್ಲ ಆಮೇಲೆ. ಭೂಪಾಲನಿಗೆ ಮೊದಲ ಬಹುಮಾನ ಬಂತು. ನಾನು ಅಲ್ಲೇ ಎದ್ದು ನಿಂತು ಕೇಳಿದೆ: ಚೀಟಿ ಓದಿ ತಿನ್ನುವುದು ಪರೀಕ್ಷೆಯೇ? ಎಲ್ಲರೂ ನನ್ನನ್ನು ಹೊಟ್ಟೆಕಿಚ್ಚಿನವನು ಅಂದರು. ಭೂಪಾಲ ಶಾಲು ಹೊದ್ದುಕೊಂಡು ಸುಮ್ಮನೆ ನಿಂತಿದ್ದ. ನಾನು ಬಸ್ಸಿನಲ್ಲಿ ವಾಪಸು ಬಂದೆ. ಅಂದಿನಿಂದ ಅವನ ಗಾಣದ ಕಡೆ ನಾನು ಕಾಲಿಟ್ಟಿಲ್ಲ.

ಇಪ್ಪತ್ತಾರು ವರ್ಷದ ಮೇಲೆ ನೀನು ಅದೇ ಚೀಟಿಯನ್ನು ಬೇಕೆಂದೇ ತಿರುಗಿಸಿ ತೋರಿಸಿದ್ದೀ, ಅದಕ್ಕೆ ಪ್ರಯೋಗ ಎಂದು ಹೆಸರಿಟ್ಟಿದ್ದೀ.

ಇಷ್ಟಾದ ಮೇಲೆ ದೊಡ್ಡ ಪ್ರಶ್ನೆ. ನಿದ್ದೆ ಬಿಡಿಸಿದ್ದು ಇದೇ. ಹೆಸರೇ ಇಲ್ಲದ ತಾಟು ಎಲ್ಲಿ? ಭೂಪಾಲನ ಹೆಸರಿನ ತಾಟಿಗೆ ಎಂಟು, ನನ್ನದಕ್ಕೆ ಆರು. ಅವನ ಹೆಸರು ನನ್ನ ಬೆಲ್ಲವನ್ನು ಮೇಲೆ ಎತ್ತಿತೋ, ನನ್ನ ಹೆಸರು ನನ್ನ ಬೆಲ್ಲವನ್ನು ಕೆಳಗೆ ಎಳೆಯಿತೋ? ಬರೀ ಬೆಲ್ಲಕ್ಕೆ, ಯಾರ ಹೆಸರೂ ಇಲ್ಲದೆ, ಎಷ್ಟು ಬರುತ್ತಿತ್ತು? ಅದನ್ನು ಅಳೆಯದೆ ನೀನು ಏನನ್ನೂ ಅಳೆದಿಲ್ಲ.

ಉತ್ತರ ಬೇಕು.

ಆಬಾಸಾಹೇಬ


ಚಿಕ್ಕೋಡಿ
೨೭ ಡಿಸೆಂಬರ್ ೨೦೨೪

ತೀರ್ಥರೂಪ ಮಾಮಾ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಮೇಡಮ್ಮರಿಗೆ ತೋರಿಸಿದೆ. ಮಾಮಾ ಅಂತಷ್ಟೇ ಹೇಳಿ, ಸಹಿ ಮಡಚಿ ತೋರಿಸಿದೆ, ಸಿಟ್ಟಾಗಬೇಡಿ. ಅವರು ಎರಡು ಸಲ ಓದಿ, "ಇವರು ಯಾವ ಕಾಲೇಜಿನ್ಯಾಗ ಕಲಸ್ತಾರವಾ?" ಅಂದರು. "ಎಲ್ಲೂ ಕಲಸೂದಿಲ್ರಿ, ಬೆಲ್ಲ ಮಾಡ್ತಾರ್ರಿ" ಅಂದೆ.

ಮೊದಲ ತೂತಿಗೆ ಉತ್ತರ: ಯಾರಿಗೆ ಯಾವ ತಾಟು ಮೊದಲು ಎಂಬುದನ್ನು ನಾನು ಆರಿಸಲಿಲ್ಲ. ಪ್ರತಿಯೊಬ್ಬರಿಗೂ ನಾಣ್ಯ ಚಿಮ್ಮಿ ಛಾಪಾ-ಕಾಟಾ ನೋಡಿದೆ. ಛಾಪಾ ಬಿದ್ದರೆ ನಿಮ್ಮ ಹೆಸರು ಮೊದಲು, ಕಾಟಾ ಬಿದ್ದರೆ ಅವರದು. ಹೆಚ್ಚುಕಡಿಮೆ ಅರ್ಧಕ್ಕರ್ಧ ಬಂತು. ನಡುವೆ ಎಲ್ಲರಿಗೂ ನೀರು, ಒಂದು ಹಿಡಿ ಚುರಮುರಿ.

ತಾಟು ಹಿಡಿದದ್ದು ಕೋಮಲ, ನನ್ನ ಗೆಳತಿ, ಅಥಣಿಯವಳು. ಅವಳಿಗೆ ನೀವೂ ಗೊತ್ತಿಲ್ಲ, ಭೂಪಾಲ ಕಾಕಾನೂ ಗೊತ್ತಿಲ್ಲ. ಎರಡರಲ್ಲೂ ಒಂದೇ ಬೆಲ್ಲ ಎಂಬುದನ್ನು ಅವಳಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವಳ ಮುಖದಿಂದ ಏನಾದರೂ ಸೋರುತ್ತಿತ್ತು. ನಾನು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ.

ಮೂರನೆಯದು ನಿಜವಾದ ತೂತು. ಎರಡು ತಾಟು ಇಟ್ಟರೆ ಮನುಷ್ಯ ಫರಕು ಹುಟ್ಟಿಸುತ್ತಾನೆ ಅಂದದ್ದು ಸರಿ.

ನಾಲ್ಕನೆಯದು ತೂತಲ್ಲ, ಬಾಗಿಲು. ನಮ್ಮ ಪುಸ್ತಕದಲ್ಲಿ ಅದಕ್ಕೆ ನಿಯಂತ್ರಿತ ಗುಂಪು ಎಂಬ ಹೆಸರಿದೆ. ಏನನ್ನೂ ಹಚ್ಚದ, ಏನನ್ನೂ ಬದಲಾಯಿಸದ ಗುಂಪು. ಅದರ ಪಕ್ಕದಲ್ಲಿ ಇಟ್ಟು ನೋಡಿದಾಗಲೇ ಉಳಿದದ್ದಕ್ಕೆ ಅರ್ಥ. ಪರೀಕ್ಷೆಯಲ್ಲಿ ಅದರ ಮೇಲೆ ಪುಟಗಟ್ಟಲೆ ಬರೆದಿದ್ದೇನೆ, ಕೆಲಸಕ್ಕೆ ನಿಂತಾಗ ಮರೆತೆ. ಮೇಡಮ್ಮರು ಈಗ ಅದಕ್ಕೆ "ನಿಮ್ಮ ಮಾಮಾನ ತಾಟು" ಅನ್ನುತ್ತಾರೆ.

ಹಿಂದೆ ತಿಂದವರನ್ನು ಮತ್ತೆ ಕೂರಿಸಲು ಬರುವುದಿಲ್ಲ, ಅವರ ಮನಸ್ಸು ಒಮ್ಮೆ ಆಕಾರ ಪಡೆದಿದೆ. ಕೆಳಗಿನ ಓಣಿಯವರು ಇದ್ದಾರೆ. ಈ ಸಲ ಒಬ್ಬರಿಗೆ ಒಂದೇ ತಾಟು. ಗಡಿಗೆಯಲ್ಲಿ ಚೀಟಿ ಹಾಕಿ ಮೂರು ಗುಂಪು ಮಾಡುತ್ತೇನೆ: ನಿಮ್ಮ ಹೆಸರು, ಅವರ ಹೆಸರು, ಹೆಸರಿಲ್ಲದ್ದು. ಚಹಾದಂಗಡಿಯ ಸುದ್ದಿ ಮೊದಲೇ ಕೇಳಿದವರನ್ನು ಬಿಡುತ್ತೇನೆ. ಮತ್ತೆ ಈ ಸಲ ನಿಮ್ಮಿಬ್ಬರ ಒಪ್ಪಿಗೆ ಇಲ್ಲದೆ ನಿಮ್ಮ ಹೆಸರು ಮುಟ್ಟುವುದಿಲ್ಲ. ಹೋದ ಸಲ ನಾನು ಮಾಡಿದ ದೊಡ್ಡ ತಪ್ಪು ಅದೇ.

ಒಪ್ಪಿಗೆ ಕೊಡುತ್ತೀರಾ? ಇನ್ನೊಂದು ಪೆಂಟಿ ಕೊಡುತ್ತೀರಾ?

ಪ್ರಾಜಕ್ತಾ


ಬೇಡಕಿಹಾಳ
೨ ಜನವರಿ ೨೦೨೫

ಚಿ. ಪ್ರಾಜಕ್ತಾ,

ಪೆಂಟಿಯನ್ನು ಚಿಕ್ಕೋಡಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದೇನೆ. ಇಳಿಸಿಕೋ. ನನ್ನ ಒಪ್ಪಿಗೆ ಇದೆ. ಒಂದೇ ಕರಾರು: ಉತ್ತರ ಏನೇ ಬರಲಿ, ಸಿಹಿ ಹಚ್ಚದೆ ಬರೆಯಬೇಕು.

ಈ ಸಲದ ಪಾಕವನ್ನು ನಾನು ಬೇರೆ ಯಾರಿಗೂ ಮುಟ್ಟಗೊಟ್ಟಿಲ್ಲ. ಬೆಂಡೆಗಿಡದ ಲೋಳೆಯಿಂದ ಕಬ್ಬಿನ ರಸದ ಕೊಳೆ ತೆಗೆದದ್ದೂ ನಾನೇ, ಕೊಪ್ಪರಿಗೆ ಇಳಿಸಿದ್ದೂ ನಾನೇ. ನೀನು ತಾಟಿನ ಮೇಲೆ ಹೆಸರು ಬರೆಯದಿದ್ದರೂ ಅದು ಯಾರದೆಂದು ಗೊತ್ತಾಗಬೇಕು.

ಆಬಾಸಾಹೇಬ


ಬೇಡಕಿಹಾಳ
೧೦ ಫೆಬ್ರುವರಿ ೨೦೨೫

ಚಿ. ಪ್ರಾಜಕ್ತಾ,

ಕೆಳಗಿನ ಓಣಿಯಲ್ಲಿ ನಿನ್ನ ಕೆಲಸ ಮುಗಿದು ಮೂರು ವಾರವಾಯಿತು. ಪತ್ರ ಇಲ್ಲ. ನಿನ್ನ ತಾಯಿಯ ಕಡೆಯಿಂದ ಸಂಕ್ರಾಂತಿಯ ಎಳ್ಳು ಬಂತು, ನಿನ್ನಿಂದ ಒಂದು ಸಾಲು ಬರಲಿಲ್ಲ.

ಕಬ್ಬೂರಿಗೆ ಹೋಗಿದ್ದೆಯಂತೆ. ಒಪ್ಪಿಗೆ ಕೇಳಲು ಹೋಗಲೇಬೇಕು, ಅದು ಸರಿ. ಎರಡನೆಯ ಸಲವೂ ಹೋಗಿದ್ದೆಯಂತೆ. ನನಗೆ ಹೇಳುವ ಮೊದಲು ಅವನಿಗೆ ಹೇಳಿದೆಯಾ? ಅಲ್ಲಿ ಚಹಾ ಕುಡಿದೆಯಾ? ಸಕ್ಕರೆಯದೋ, ಬೆಲ್ಲದ್ದೋ? ಬೆಲ್ಲದ್ದಾದರೆ ಹೇಗಿತ್ತು?

ಈ ಪ್ರಶ್ನೆಗಳನ್ನು ನಾನು ಕೇಳಬಾರದು. ಕೇಳಿದ್ದೇನೆ.

ಆಬಾಸಾಹೇಬ


ಚಿಕ್ಕೋಡಿ
೨೦ ಫೆಬ್ರುವರಿ ೨೦೨೫

ತೀರ್ಥರೂಪ ಮಾಮಾ ಅವರಿಗೆ ನಮಸ್ಕಾರಗಳು.

ನಾಲ್ಕು ಸಲ ಬರೆದು ಹರಿದಿದ್ದೇನೆ. ಸಿಹಿ ಹಚ್ಚಬೇಡ ಅಂದಿದ್ದೀರಿ.

ಹೆಸರಿಲ್ಲದ ತಾಟಿಗೂ ಭೂಪಾಲ ಕಾಕಾನ ಹೆಸರಿನ ತಾಟಿಗೂ ಬಂದದ್ದು ಒಂದೇ, ಸುಮಾರು ಎಂಟು. ನಿಮ್ಮ ಹೆಸರಿನ ತಾಟಿಗೆ ಆರಕ್ಕೂ ಸ್ವಲ್ಪ ಕಡಿಮೆ.

ಅಂದರೆ ಅವರ ಹೆಸರು ನಿಮ್ಮ ಬೆಲ್ಲವನ್ನು ಎತ್ತಿಲ್ಲ, ಮಾಮಾ. ನಿಮ್ಮ ಹೆಸರು ಇಳಿಸಿದೆ.

ಕೋಮಲ ತಿಂದವರ ಮಾತನ್ನೂ ಬರೆದುಕೊಂಡಿದ್ದಳು. ಸತ್ತೆವ್ವ ಆಯಿಗೆ ನಿಮ್ಮ ಹೆಸರಿನ ತಾಟು ಬಂದಿತ್ತು. ಚಪ್ಪರಿಸಿ ಅಂದರಂತೆ: "ಸಿಹಿ ಐತಿ ಯವ್ವಾ, ಇಲ್ಲ ಅನ್ನಂಗಿಲ್ಲ. ಆದ್ರ ಏನೋ ಕಡಕ್ ಐತಿ. ಬೈಸಿಕೊಂಡು ತಿಂದಂಗ ಆಗತೈತಿ." ಅವರ ತಮ್ಮ ದಶರಥ ಕಾಕಾಗೆ ಹೆಸರಿಲ್ಲದ್ದು. "ಇದು ಯಾರ್ದವಾ? ಯಾರ್ದರ ಇರ್ಲಿ, ಇನ್ನೊಂದ ತುಣಕ ಹಾಕು" ಅಂದು ಎರಡನೆಯ ಸಲ ಕೈಯೊಡ್ಡಿದರಂತೆ.

ಒಂದು ಮಾತನ್ನು ನೀವು ನಂಬಬೇಕು, ಸಮಾಧಾನಕ್ಕೆ ಹೇಳುತ್ತಿಲ್ಲ. ಇದು ಒಂದೇ ಓಣಿ, ಕೆಲವೇ ಜನ. ಅದೂ ಅಲ್ಲದೆ ಹೆಸರಿನಿಂದ ಮಾರ್ಕು ಇಳಿಯಿತು ಎಂದಷ್ಟೇ ಈ ಪ್ರಯೋಗ ಹೇಳುತ್ತದೆ. ಯಾಕೆ ಇಳಿಯಿತು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಇನ್ನೊಂದು ಪ್ರಯೋಗ ಬೇಕು.

ಕಬ್ಬೂರಿನಲ್ಲಿ ಚಹಾ ಕುಡಿದೆ. ಸಕ್ಕರೆಯದು. ಬೆಲ್ಲದ್ದು ಮಾಡಲೇನು ಅಂತ ಭೂಪಾಲ ಕಾಕಾ ಕೇಳಿದರು, ನಾನು ಬೇಡ ಅಂದೆ. ಅವರು ನಕ್ಕು, "ಆಬಾನ ಸೊಸಿ ಖರೇ" ಅಂದರು. ನಿಮಗಿಂತ ಮೊದಲು ಅವರಿಗೆ ಹೇಳಿದ್ದು ನಿಜ. ಅಲ್ಲಿ ಹೇಳುವುದು ಸುಲಭ ಅಂದುಕೊಂಡಿದ್ದೆ. ಅಲ್ಲೂ ಸುಲಭವಾಗಲಿಲ್ಲ. ಉತ್ತರ ಕೇಳಿದ ಮೇಲೆ ಅವರು ಎದ್ದು ಗಾಣದ ಕಡೆ ಹೋದವರು ನಾನು ಹೊರಡುವ ತನಕ ಬರಲಿಲ್ಲ.

ನಿಮ್ಮ,
ಪ್ರಾಜಕ್ತಾ


ಕಬ್ಬೂರ
೪ ಮಾರ್ಚ್ ೨೦೨೫

ಆಬಾ,

ನನಗ ನಿನ್ನಂಗ ಬರಿಯಾಕ ಬರಂಗಿಲ್ಲ. ಮಾತಾಡಿದಂಗ ಬರಿತೀನಿ. ತಿದ್ದಬ್ಯಾಡ.

ನಿನ್ನ ಸೊಸಿ ಬಂದು ಎಲ್ಲಾ ಹೇಳಿದ್ಲು. ಹುಡುಗಿ ಭಾಳ ಶಾಣ್ಯಾಕಿ. ಹೆಸರಿಲ್ಲದ ತಾಟಿಗೂ ನನ್ನ ಹೆಸರಿನ ತಾಟಿಗೂ ಮಾರ್ಕ್ ಸಮಾ ಬಂದಾವಂತ. ನಿನಗ ನಿನ್ನ ತಾಟ ಅಷ್ಟ ಕಂಡಿರತೈತಿ, ನನಗ ಗೊತ್ತೈತಿ. ಒಂದ ಸಲ ನನ್ನ ತಾಟ ನೋಡು. ನನ್ನ ಹೆಸರ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಹರೇದಾಗಿಂದ ಕೊಪ್ಪರಿಗಿ ಮುಂದ ನಿಂತು ಮಾರಿ ಸುಟ್ಕೊಂಡು ಗಳಿಸಿದ ಹೆಸರು. ಅದರ ತೂಕ ಏನಪಾ ಅಂದ್ರ ಏನೂ ಇಲ್ಲ.

ನಿನ್ನ ಬೆಲ್ಲಾನರ ತಿಂದ್ರು. ನನ್ನದು ಒಂದ ತುಣಕ ಯಾರೂ ಬಾಯಾಗ ಇಡಲಿಲ್ಲ. ಬೇಡಕಿಹಾಳದಾಗ ನಾ ಗೆದ್ದೆ ಅಂತ ನವೆಂಬರ್‌ದಾಗ ನಮ್ಮೂರ ಹುಡುಗ್ರು ನನ್ನ ಕೊಳ್ಳಿಗೆ ಹಾರ ಹಾಕಿ ಫೋಟೋ ತಗದ್ರು. ಯಾತಕ್ಕ ಗೆದ್ದೆ? ಆ ರವಿವಾರಕ್ಕ ಈ ವರ್ಷದ ನನ್ನ ಗಾಣ ಇನ್ನೂ ಸುರು ಆಗಿರಲಿಲ್ಲ.

ಖರೇ ಹೇಳ್ಲಿ? ನನಗ ನಿನ್ನ ಮ್ಯಾಲ ಹೊಟ್ಟಿಕಿಚ್ಚ ಐತಿ. ಇಂದಿಂದಲ್ಲ. ನಿನ್ನ ಹೆಸರ ಕೇಳಿದ್ರ ಮಂದಿ ಒಂದ ಕ್ಷಣ ನಿಂದರತಾರ. ಬೈತಾರ, ಹುಬ್ಬ ಏರಸ್ತಾರ, ಆದ್ರ ಬೆಲ್ಲಾ ಬಾಯಾಗ ತಿರುವಿ ತಿರುವಿ ನೋಡ್ತಾರ. ನನಗ "ಚಲೋ ಐತಿ ಬಿಡ್ರಿ" ಅಂತಾರ. ಅಗಿಯಾಕಿಂತ ಮದಲ ಅಂತಾರ. ಹದ ತಪ್ಪಿದ್ರೂ ಚಲೋ ಐತಿ, ತಳ ಹತ್ತಿ ಸೀದ್ರೂ ಚಲೋ ಐತಿ. ಹಿಂಗಾದ್ರ ಮನಷ್ಯಾಗ ಹೆಂಗ ತಿಳೀಬೇಕು?

ಆ ಪ್ರದರ್ಶನದ ಮಾತ ನೀ ಇನ್ನೂ ಬಿಟ್ಟಿಲ್ಲಂತ. ಆವತ್ತ ನೀ ಪರೀಕ್ಷಕನ ಕೈ ನೋಡಾಕತ್ತಿದ್ದಿ. ನಾ ಅವನ ಬಾಯಿ ನೋಡಾಕತ್ತಿದ್ದೆ. ಅವ ಅಗದನೋ ನುಂಗಿದನೋ ನನಗ ಇವತ್ತಿಗೂ ಗೊತ್ತಿಲ್ಲ.

ನನ್ನ ಬೆಲ್ಲ ತಿಂದು ಇದ್ದದ್ದ ಇದ್ದಂಗ ಹೇಳಾವ ಈ ಸೀಮ್ಯಾಗ ಒಬ್ಬನ ಐದಾನ. ಅವ ಇಪ್ಪತ್ತೇಳ ವರ್ಷ ಆತು, ನನ್ನ ಗಾಣಕ್ಕ ಬಂದಿಲ್ಲ.

ಭೂಪಾಲ


ಬೇಡಕಿಹಾಳ
೧೦ ಮಾರ್ಚ್ ೨೦೨೫

ಬೇಡಕಿಹಾಳದ ಸಮಸ್ತ ಗ್ರಾಮಸ್ಥರಿಗೆ, ವಾಚನಾಲಯದ ಗೋಡೆಯ ಮೇಲೆ ಅಂಟಿಸಿದ ಬಹಿರಂಗ ಪತ್ರ. ಪ್ರತಿಗಳು: ಚಿ. ಪ್ರಾಜಕ್ತಾ, ಚಿಕ್ಕೋಡಿ, ಶ್ರೀ ಭೂಪಾಲ, ಕಬ್ಬೂರ.

ಮಾನ್ಯ ಬಂಧುಗಳೇ,

ಕಳೆದ ನವೆಂಬರಿನಲ್ಲಿ ಈ ಕಟ್ಟೆಯ ಮೇಲೆ ನೀವು ಎರಡು ತಾಟಿನ ಬೆಲ್ಲ ತಿಂದಿರಿ. ಜನವರಿಯಲ್ಲಿ ಕೆಳಗಿನ ಓಣಿಯವರು ಒಬ್ಬೊಬ್ಬರು ಒಂದೊಂದು ತಾಟಿನದು ತಿಂದಿರಿ. ಆ ಎಲ್ಲ ತಾಟುಗಳಲ್ಲಿ ಇದ್ದದ್ದು ನನ್ನ ಗಾಣದ ಬೆಲ್ಲ. ಕಬ್ಬೂರಿನ ಬೆಲ್ಲವನ್ನು ನೀವು ಯಾರೂ ತಿಂದಿಲ್ಲ, ಅದು ಗೆದ್ದೂ ಇಲ್ಲ, ಸೋತೂ ಇಲ್ಲ. ಇದನ್ನು ನಿಮಗೆ ಹೇಳುವ ಹೊಣೆ ಪ್ರಯೋಗ ಮಾಡಿದವಳದು. ಮಾರ್ಚ್ ಇಪ್ಪತ್ಮೂರರ ರವಿವಾರ ಅವಳು ಇಲ್ಲಿಗೆ ಬಂದು, ಎರಡೂ ಸಲದ ಮಾರ್ಕುಗಳನ್ನು ಎಲ್ಲರ ಎದುರು ಓದುತ್ತಾಳೆ. ನಿಮ್ಮನ್ನು ನಂಬಿಸಿ ತಿನ್ನಿಸಿದ್ದಕ್ಕೆ ನೀವು ಅವಳನ್ನು ಬೈಯಬಹುದು. ನಾನು ಬೈದಾಗಿದೆ.

ರಾವಸಾಹೇಬನ ಅಂಗಡಿಯಲ್ಲಿ ನಾಲಗೆಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಕೇಳಿದ್ದೆ. ನಾಲಗೆ ಸುಳ್ಳು ಹೇಳಿದೆಯೆಂದು ನಾನೂ ಹೇಳುವುದಿಲ್ಲ. ಹೆಸರಿಲ್ಲದ ತಾಟಿನಿಂದ ತಿಂದಾಗ ನೀವು ಎಂಟು ಕೊಟ್ಟಿರಿ, ಕೆಲವರು ಇನ್ನೊಂದು ತುಣುಕು ಕೇಳಿದಿರಿ. ನನ್ನ ಹೆಸರು ಕಂಡಾಗ ಅದೇ ಓಣಿಯ ನಾಲಗೆಗೆ ಅದೇ ಬೆಲ್ಲ ಕಡಕ್ ಅನಿಸಿತು. ನನಗೆ ಬೇಕಾಗಿರುವುದು ಈ ಎರಡರ ನಡುವೆ ಇರುವ ಸಂಗತಿ.

ಅದನ್ನು ತಿಳಿಯಲು ಇನ್ನೊಂದು ಪ್ರಯೋಗ ಬೇಕೆಂದು ಪ್ರಾಜಕ್ತಾ ಬರೆದಿದ್ದಾಳೆ. ಪ್ರಯೋಗ ಅವಳ ಪರೀಕ್ಷೆಗೆ ಇರಲಿ. ನನಗೆ ಅಷ್ಟು ವ್ಯವಧಾನ ಇಲ್ಲ, ನಿಮಗೆ ಬಾಯಿ ಇದೆ.

ಹಾಲಿನ ಸಂಘದಲ್ಲಿ ಜಿಡ್ಡಿನ ಡಿಗ್ರಿ ಅಳೆಯುವ ಯಂತ್ರ ಕೆಟ್ಟಾಗ ಅರ್ಜಿ ಬರೆದವನು ನಾನು. ಕೆಳಗಿನ ಓಣಿಗೆ ದೀಪದ ಕಂಬ ಬರದಿದ್ದಾಗ ತಹಶೀಲ್ದಾರರ ಮುಂದೆ ಕೂತವನು ನಾನು. ಮಹಾಪೂರದ ವರ್ಷ ಮನೆ ಬೀಳದವರ ಹೆಸರು ಪರಿಹಾರದ ಯಾದಿಯಲ್ಲಿ ಬಂದಾಗ, ಅದನ್ನು ಇದೇ ಗೋಡೆಯ ಮೇಲೆ ಅಂಟಿಸಿದವನು ನಾನು. ಆ ಯಾದಿಯಲ್ಲಿದ್ದವರು ಯಾರೂ ಇಂದಿಗೂ ನನ್ನ ಗಾಣದ ದಾರಿ ಹಿಡಿಯುವುದಿಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ಅದೇ ದೀಪದ ಕಂಬದ ಕೆಳಗೆ ಕೂತು ತಿಂದ ಸತ್ತೆವ್ವನಿಗೂ ನನ್ನ ಬೆಲ್ಲ ಬೈಸಿಕೊಂಡು ತಿಂದಂತಾಯಿತು. ಅದು ಅರ್ಥವಾಗುವುದಿಲ್ಲ. ಅವಳನ್ನು ನಾನು ಎಂದು ಬೈದೆ? ಬೈದಿದ್ದರೆ ದಿನ ಹೇಳಲಿ. ಬೈದಿಲ್ಲವಾದರೆ ನನ್ನ ಯಾವ ನಡೆ, ಯಾವ ದನಿ ಅವಳಿಗೆ ಬೈಗುಳದಂತೆ ಕೇಳಿತು ಎಂಬುದನ್ನು ಹೇಳಲಿ. ಅರ್ಜಿ ಬರೆಯುವುದನ್ನು ನಾನು ಬಿಡುವುದಿಲ್ಲ. ಕೇಳಿಸಿಕೊಳ್ಳಲು ಮಾತ್ರ ಬಂದು ಕೂರುತ್ತೇನೆ.

ಭೂಪಾಲ, ಈ ಸಾಲು ನಿನಗೆ. ಆ ರವಿವಾರ ನಿನ್ನ ಒಂದು ಪೆಂಟಿ ತೆಗೆದುಕೊಂಡು ಬಾ. ಆರಿಸಬೇಡ, ಕೈಗೆ ಸಿಕ್ಕದ್ದು ತಾ. ಚೀಟಿ ಹಚ್ಚಬೇಡ. ನಾನು ಎಲ್ಲರ ಎದುರು ಅಗಿದು, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಚೆನ್ನಾಗಿದ್ದರೆ ನನ್ನ ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ. ಹದ ತಪ್ಪಿದ್ದರೆ ಎಲ್ಲಿ ತಪ್ಪಿತು ಎಂಬುದನ್ನೂ ಹೇಳುತ್ತೇನೆ.

ಗ್ರಾಮಸ್ಥರೇ, ಆ ದಿನಕ್ಕೆ ಯುಗಾದಿ ಇನ್ನೊಂದು ವಾರ ಇರುತ್ತದೆ. ಬೆಲ್ಲವನ್ನು ಎಲ್ಲಿಂದಾದರೂ ಕೊಳ್ಳಿ, ಅದು ನಿಮ್ಮ ಇಚ್ಛೆ. ಕೊಳ್ಳುವ ಮೊದಲು ಈ ಕಟ್ಟೆಗೆ ಬನ್ನಿ. ನನ್ನ ಬೆಲ್ಲ ಸಿಹಿ ಎಂದು ನೀವು ಹೇಳಿಯಾಗಿದೆ, ಮಾರ್ಕು ಬರೆದಿಟ್ಟಿದೆ. ನನ್ನ ಹೆಸರಿನಲ್ಲಿ ಕಹಿ ಏನಿದೆ? ನನ್ನ ಬೆನ್ನ ಹಿಂದೆ ಬೇಡ, ಚಹಾದ ಕಪ್ಪಿನೊಳಗೆ ಬೇಡ. ಇಪ್ಪತ್ಮೂರರ ರವಿವಾರ ಮುಂಜಾನೆ, ಭೂಪಾಲನ ಎದುರಿಗೆ, ನನ್ನ ಮುಖ ನೋಡಿ ಹೇಳಿ.

ನಿಮ್ಮವನೇ,
ಆಬಾಸಾಹೇಬ